ನೀಲಿ ಮಕ್ಕಳ ವೈದ್ಯೆ

ತುಟಿ, ಉಗುರುಗಳು ನೀಲಿಗಟ್ಟಿದ ಶಿಶುಗಳುಂಟು. ಅತ್ತರೆ ಅವುಗಳಿಗೆ ಉಸಿರು ಕಟ್ಟುತ್ತದೆ. ನಡೆಯುವ ವಯಸ್ಸು ಬಂದರೆ ನಾಲ್ಕು ಹೆಜ್ಜೆಗೇ ದಣಿದು ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತವೆ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ದಾರಿ ಹುಟ್ಟಿನಿಂದಲೇ ಕಿರಿದಾಗಿರುವುದೂ, ಹೃದಯದ ಒಳಗೋಡೆಯಲ್ಲಿ ರಂಧ್ರವಿರುವುದೂ ಇದಕ್ಕೆ ಕಾರಣ. ಆಮ್ಲಜನಕ ಸಾಲದ ರಕ್ತವೇ ಮೈಯಲ್ಲೆಲ್ಲ ಹರಿಯುತ್ತದೆ. 1944ಕ್ಕೆ ಮುಂಚೆ ಇಂಥ ಮಕ್ಕಳನ್ನು ಉಳಿಸುವ ಉಪಾಯವೇ ವೈದ್ಯರಲ್ಲಿರಲಿಲ್ಲ. ಅದನ್ನು ಕಂಡವರು ಡಾ. ಹೆಲೆನ್ ಟೌಸಿಗ್.

ಹೆಲೆನ್ 1898ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಜನಿಸಿದರು. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಬಾಲಕಿಯ ಕಣ್ಣಿಗೆ ಅಕ್ಷರಗಳು ಕಲಸಿಹೋಗುತ್ತಿದ್ದವು; ಪ್ರಾಧ್ಯಾಪಕರಾಗಿದ್ದ ತಂದೆ ತಾಳ್ಮೆಯಿಂದ ಓದಿಸಿದರು. ಹಾರ್ವರ್ಡ್ ವೈದ್ಯಶಾಲೆ ಆಗ ಸ್ತ್ರೀಯರಿಗೆ ಪದವಿ ನೀಡುತ್ತಿರಲಿಲ್ಲ. ಅವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಸೇರಿ 1927ರಲ್ಲಿ ವೈದ್ಯೆಯಾದರು; 1930ರಲ್ಲಿ ಅಲ್ಲಿಯ ಮಕ್ಕಳ ಹೃದ್ರೋಗ ಚಿಕಿತ್ಸಾಲಯದ ಹೊಣೆ ಹೊತ್ತರು. ಆದರೆ ಕಿವಿ ಮಂದವಾಗುತ್ತ ಬಂದಿತು. ಎದೆಬಡಿತವನ್ನು ಕೇಳಿ ರೋಗವನ್ನರಿಯಬೇಕಾದವರಿಗೆ ಇದಕ್ಕಿಂತ ದೊಡ್ಡ ಕೊರತೆ ಬೇಕೆ? ಅವರು ಮಗುವಿನ ಎದೆಯ ಮೇಲೆ ಬೆರಳಿಟ್ಟು ಮಿಡಿತವನ್ನು ತಿಳಿಯುವುದನ್ನು ರೂಢಿಸಿಕೊಂಡರು. ಕ್ಷ-ಕಿರಣದ ತೆರೆಯ ಮೇಲೆ ಹೃದಯದ ನೆರಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು.

ಗರ್ಭದಲ್ಲಿರುವ ಶಿಶುವಿನ ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ಒಂದು ಕಿರುನಾಳವಿರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳುವುದು ಸಹಜ. ನೀಲಿ ಮಕ್ಕಳಲ್ಲಾದರೋ ಅದು ತೆರೆದಿರುವಷ್ಟು ಕಾಲ ಮಗು ಹೇಗೋ ಬದುಕುತ್ತಿತ್ತು; ಮುಚ್ಚಿದರೆ ಕೈಬಿಟ್ಟುಹೋಗುತ್ತಿತ್ತು. ಹಾಗಾದರೆ ಅಂಥ ನಾಳವೊಂದನ್ನು ನಾವೇ ಕಟ್ಟಿಕೊಡಬಾರದೇಕೆ ಎಂದು ಟೌಸಿಗ್ ಯೋಚಿಸಿದರು. ಬೇರೆ ಮಕ್ಕಳಲ್ಲಿ ತೆರೆದೇ ಉಳಿದ ಈ ನಾಳವನ್ನು 1938ರಲ್ಲಿ ಶಸ್ತ್ರಕ್ರಿಯೆಯಿಂದ ಮುಚ್ಚಿ ಹೆಸರಾಗಿದ್ದ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಅವರಲ್ಲಿಗೆ ಹೋದರು. ಮುಚ್ಚಬಲ್ಲ ಅವರಿಗೆ ತೆರೆಯುವ ಮಾತು ರುಚಿಸಲಿಲ್ಲ.

1941ರಲ್ಲಿ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಹಾಪ್ಕಿನ್ಸಿಗೆ ಬಂದರು. ಅವರೊಡನೆ ಬಂದ ಸಹಾಯಕ ವಿವಿಯನ್ ಥಾಮಸ್ ಕಪ್ಪು ಜನಾಂಗದವರು. ಬಡಗಿ ಕೆಲಸ ಮಾಡುತ್ತಿದ್ದವರು. ಹಣವಿಲ್ಲದೆ ಕಾಲೇಜಿನ ಆಸೆಯನ್ನು ಬಿಟ್ಟವರು. ನಾಯಿಗಳ ಮೇಲೆ ಪ್ರಯೋಗ ನಡೆಸಿ, ರಕ್ತನಾಳಗಳನ್ನು ಹೊಲಿಯುವ ಕ್ರಮವನ್ನು ರೂಪಿಸಿದ ಕೈ ಅವರದು. 1944ರ ನವೆಂಬರ್ 29ರಂದು, ವರ್ಷ ತುಂಬಿದ್ದರೂ ಐದು ಕಿಲೋ ತೂಗದ ಹೆಣ್ಣುಮಗುವಿನ ತೋಳಿನ ಅಪಧಮನಿಯನ್ನು ಬ್ಲೇಲಾಕ್ ಶ್ವಾಸಕೋಶದ ಅಪಧಮನಿಗೆ ಜೋಡಿಸಿದರು. ಥಾಮಸ್ ಹಿಂದೆ ನಿಂತು ಸೂಚನೆ ಕೊಡುತ್ತಿದ್ದರು. ಆ ಮಗು ಚೇತರಿಸಿಕೊಂಡರೂ ಕೆಲವು ತಿಂಗಳ ಬಳಿಕ ತೀರಿಕೊಂಡಿತು. ಆದರೆ ಮೂರನೆಯ ರೋಗಿಯಾದ ಆರು ವರ್ಷದ ಹುಡುಗನ ತುಟಿಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಕೆಂಪೇರಿದವು. ದೂರದೂರದ ತಾಯಂದಿರು ಮಕ್ಕಳನ್ನೆತ್ತಿಕೊಂಡು ಬಾಲ್ಟಿಮೋರಿಗೆ ಬರತೊಡಗಿದರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. 1945ರಲ್ಲಿ ಪ್ರಕಟವಾದ ವರದಿಯಲ್ಲಿ ಬ್ಲೇಲಾಕ್, ಟೌಸಿಗ್ ಇಬ್ಬರ ಹೆಸರುಗಳಿದ್ದುವು, ಥಾಮಸರದು ಇರಲಿಲ್ಲ. ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದುದು 1976ರಲ್ಲಿ.

ಟೌಸಿಗ್ ಮದುವೆಯಾಗಲಿಲ್ಲ. 1962ರಲ್ಲಿ ಜರ್ಮನಿಗೆ ಹೋಗಿ, ಥಾಲಿಡೊಮೈಡ್ ಎಂಬ ಔಷಧಿ ಗರ್ಭಸ್ಥ ಶಿಶುಗಳ ಕೈಕಾಲುಗಳನ್ನು ಊನಗೊಳಿಸುವುದನ್ನು ಕಂಡುಬಂದು ತಮ್ಮ ದೇಶವನ್ನು ಎಚ್ಚರಿಸಿದರು. 1986ರ ಮೇ 20ರಂದು ಮೋಟಾರು ಅಪಘಾತದಲ್ಲಿ ಮಡಿದಾಗ ಅವರಿಗೆ 87 ವರ್ಷ. ಆ ವಯಸ್ಸಿನಲ್ಲಿಯೂ, ಹುಟ್ಟಿನಿಂದ ಬರುವ ದೋಷಗಳ ಮೂಲವನ್ನರಸಿ, ಹಕ್ಕಿಗಳ ಪುಟ್ಟ ಹೃದಯಗಳನ್ನು ಪರೀಕ್ಷಿಸುತ್ತಿದ್ದರು.