ಮುಚ್ಚಳ ತೆಗೆಯಲು ಬಿಟ್ಟ ಎಂಜಿನಿಯರ್: ಡಾನ್ ಎಸ್ಟ್ರಿಜ್

ಹಳೇ ಡೆಸ್ಕ್‌ಟಾಪ್‌ಗೆ ಹೊಸ ರ‍್ಯಾಮ್ ಹಾಕೋದು ಇವತ್ತು ದೊಡ್ಡ ವಿಷಯವೇ ಅಲ್ಲ. ಮುಚ್ಚಳ ತೆಗೆದು ಸ್ಲಾಟ್‌ಗೆ ಒತ್ತಿದರೆ ಮುಗೀತು. ಕಾಮರ್ಸ್ ಓದೋ ಗೆಳೆಯರೂ ಮಾಡ್ತಾರೆ. ಆದರೆ ಕೊಂಡವರೇ ಕಂಪ್ಯೂಟರ್ ಬಿಚ್ಚಬಹುದು ಅನ್ನೋ ರೂಢಿ ತಾನಾಗಿಯೇ ಬರಲಿಲ್ಲ. ಅದನ್ನು ಗಟ್ಟಿ ಮಾಡಿದವರಲ್ಲಿ ಒಬ್ಬರು, ಐಬಿಎಂ ಪಿಸಿಯ ಪಿತಾಮಹ ಅಂತ ಹೆಸರಾದ ಡಾನ್ ಎಸ್ಟ್ರಿಜ್.

ಎಸ್ಟ್ರಿಜ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ. 1959ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಐಬಿಎಂ ಸೇರಿದರು. ಆಗ ಐಬಿಎಂ ಅಂದ್ರೆ ಕೋಣೆ ತುಂಬುವಂಥ ಯಂತ್ರಗಳು. ಅವಕ್ಕೆ ಏನು ಸೇರಿಸಬೇಕಾದರೂ ಕಂಪನಿಯವರೇ ಬರಬೇಕಿತ್ತು.

1980ರಲ್ಲಿ ಬೋಕಾ ರಟಾನ್ ಊರಿನ ಒಂದು ಸಣ್ಣ ತಂಡದ ಹೊಣೆ ಅವರಿಗೆ ಬಂತು. ಒಂದು ವರ್ಷದೊಳಗೆ ಮನೆ, ಆಫೀಸಿಗೆ ಹೊಂದುವ ಕಂಪ್ಯೂಟರ್ ಬೇಕು. ಎಲ್ಲವನ್ನೂ ತಾವೇ ಮಾಡ್ತಾ ಕೂತರೆ ಅಷ್ಟರಲ್ಲಿ ಆಗೋದಿಲ್ಲ. ಹಾಗಾಗಿ ಪ್ರೊಸೆಸರ್ ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನಿಂದ ತಂದರು. ಒಳಗೆ ಐದು ಸ್ಲಾಟ್ ಇಟ್ಟರು. ಸರ್ಕ್ಯೂಟ್ ಚಿತ್ರಗಳಿದ್ದ ತಾಂತ್ರಿಕ ಕೈಪಿಡಿಯನ್ನೂ ಮಾರಾಟಕ್ಕೆ ಇಟ್ಟರು. ಅದನ್ನು ಓದಿ ಯಾರು ಬೇಕಾದರೂ ಕಾರ್ಡ್ ತಯಾರಿಸಬಹುದಿತ್ತು. 1981ರ ಆಗಸ್ಟ್ 12ರಂದು ಪಿಸಿ ಬಿಡುಗಡೆ ಆಯ್ತು. ಶುರುವಿನ ಮಾದರಿಯಲ್ಲಿ ಮೆಮೊರಿ ಬರೀ 16 ಕೆಬಿ. ದುಡ್ಡು ಕೂಡಿದಾಗ ಇನ್ನಷ್ಟು ಚಿಪ್ ಹಾಕಿಕೊಳ್ಳಬಹುದಿತ್ತು.

ನಮ್ಮ ಗೊಟಗೋಡಿ ಕಡೆ ನೇಗಿಲ ಕುಳ ಸವೆದರೆ ರೈತ ನೇಗಿಲನ್ನೇ ಬಿಸಾಡಲ್ಲ. ಕಂಬಾರನ ಹತ್ರ ಕುಳ ತಟ್ಟಿಸಿಕೊಂಡು ಬಂದು ತಾನೇ ಕೂಡಿಸ್ತಾನೆ. ಎಸ್ಟ್ರಿಜ್ ತಂಡದ ಪಿಸಿಯೂ ಹೆಚ್ಚುಕಮ್ಮಿ ಹಾಗೇ.

ಹಾಗಂತ ಅದು ಸುಲಭ ಇರಲಿಲ್ಲ. ಮೆಮೊರಿ ಎಷ್ಟಿದೆ, ಫ್ಲಾಪಿ ಡ್ರೈವ್ ಎಷ್ಟಿವೆ ಅಂತ ಯಂತ್ರಕ್ಕೆ ತಿಳಿಸೋಕೆ ಮದರ್‌ಬೋರ್ಡ್ ಮೇಲಿನ ಪುಟ್ಟ ಪುಟ್ಟ ಸ್ವಿಚ್‌ಗಳನ್ನು ಸರಿಯಾಗಿ ಹೊಂದಿಸಬೇಕಿತ್ತು. ಬೇರೆ ಕಂಪನಿಗಳು ಪಿಸಿಯನ್ನು ಹೋಲುವ ಯಂತ್ರಗಳನ್ನೂ ಮಾಡಿದವು. ಕಾಂಪ್ಯಾಕ್ 1982ರಲ್ಲೇ ತನ್ನದನ್ನು ಘೋಷಿಸಿತು. ಐಬಿಎಂಗೆ ಪೈಪೋಟಿ ಹೆಚ್ಚಿತು, ಜನರಿಗೆ ಬಿಡಿಭಾಗಗಳು ಅಗ್ಗವಾದವು.

1985ರ ಆಗಸ್ಟ್ 2ರಂದು ಡಲ್ಲಾಸ್ ವಿಮಾನ ದುರಂತದಲ್ಲಿ ಎಸ್ಟ್ರಿಜ್ ಮತ್ತು ಅವರ ಪತ್ನಿ ತೀರಿಕೊಂಡರು. ಅವರಿಗೆ ಬರೀ 48 ವರ್ಷ. ಎರಡು ವರ್ಷದ ನಂತರ ಐಬಿಎಂ ಪಿಎಸ್/2 ತಂತು. ಅದರ ಹೊಸ ಸ್ಲಾಟ್‌ಗಳಲ್ಲಿ ಸ್ವಿಚ್ ಕಾಟ ಇರಲಿಲ್ಲ, ಎಲ್ಲಾ ಸಾಫ್ಟ್‌ವೇರ್‌ನಿಂದಲೇ. ಆದರೆ ಅದನ್ನು ಬಳಸೋಕೆ ಬೇರೆ ಕಂಪನಿಗಳು ಲೈಸೆನ್ಸ್ ಪಡೀಬೇಕಿತ್ತು, ಹಳೇ ಕಾರ್ಡ್‌ಗಳೂ ಕೂರ್ತಿರಲಿಲ್ಲ. ಸುಲಭ ಆಯ್ತು, ಆದರೆ ಬಾಗಿಲು ಮುಚ್ಚಿತು. ಮಾರುಕಟ್ಟೆ ಆ ದಾರಿ ಹಿಡೀಲಿಲ್ಲ. ಮುಕ್ತ ಪಿಸಿಗಳಲ್ಲೇ ಪ್ಲಗ್ ಅಂಡ್ ಪ್ಲೇ ಬಂದು, 1995ರ ವಿಂಡೋಸ್ ಜೊತೆ ಮನೆಮನೆಗೂ ತಲುಪಿತು.

ಈಗ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿರುತ್ತೆ. ಮೂರನೇ ವರ್ಷದ ಪ್ರಾಜೆಕ್ಟಿಗೆ ಮೆಮೊರಿ ಸಾಲದಿದ್ದರೆ ಇಡೀ ಯಂತ್ರವನ್ನೇ ಬದಲಿಸಬೇಕು, ಮನೆಯವರ ಹತ್ರ ಮತ್ತೆ ದುಡ್ಡು ಕೇಳಬೇಕು. ನಾಳೆ ಇಂಥ ಬೋರ್ಡ್‌ಗಳನ್ನು ಡಿಸೈನ್ ಮಾಡೋರು ನಾವೇ. ಜನರಿಗೆ ಸುಲಭ ಮಾಡೋಣ, ಆದರೆ ಸ್ಲಾಟ್ ಮಾತ್ರ ಕಿತ್ತುಹಾಕೋದು ಬೇಡ.