ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರು (22 ಫೆಬ್ರವರಿ 1874 – ಅಕ್ಟೋಬರ್ 1937) ಕನ್ನಡದ ಕವಿ, ಕಥೆಗಾರ, ಪಠ್ಯಪುಸ್ತಕ ರಚನಕಾರ ಮತ್ತು ಶಿಕ್ಷಣತಜ್ಞರು. ‘ಕವಿಶಿಷ್ಯ’ ಎಂಬ ಕಾವ್ಯನಾಮದಲ್ಲಿ ಕವಿತೆಗಳನ್ನು ಬರೆದ ಇವರನ್ನು ಆಧುನಿಕ ಕನ್ನಡ ಶಿಶುಸಾಹಿತ್ಯದ ಪ್ರವರ್ತಕರೆಂದು ಗುರುತಿಸಲಾಗುತ್ತದೆ. ಕನ್ನಡ ಪಂಡಿತರಾಗಿ, ಶಿಕ್ಷಕರ ತರಬೇತಿ ಶಾಲೆಯ ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಹಾಗೂ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಇವರು ತಮ್ಮ ವೃತ್ತಿಜೀವನವನ್ನು ಶಾಲೆಗಳ ನಡುವೆಯೇ ಕಳೆದರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ‘ನಾಗರಹಾವೆ’, ‘ತೆಂಕಣ ಗಾಳಿಯಾಟ’, ‘ಉದಯರಾಗ’, ‘ಹುತ್ತರಿಯ ಹಾಡು’ ಇವರ ಪ್ರಸಿದ್ಧ ಕವಿತೆಗಳು.

ಜನನ ಮತ್ತು ವಿದ್ಯಾಭ್ಯಾಸ

ಮಂಗೇಶರಾಯರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಸುಬ್ರಹ್ಮಣ್ಯದ ಸಮೀಪದ ಪಂಜ ಎಂಬ ಊರಿನಿಂದ ಮನೆತನಕ್ಕೆ ಪಂಜೆ ಎಂಬ ಹೆಸರು ಬಂದಿತು. ಮನೆಯ ಮಾತು ಕೊಂಕಣಿ, ನೇತ್ರಾವತಿ ತೀರದ ಆ ಪೇಟೆಯ ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಹೀಗೆ ಮೂರು ಭಾಷೆಗಳ ನಡುವೆ ಬೆಳೆದುದು ಮುಂದೆ ಇವರ ಬೋಧನೆಗೂ ಬರವಣಿಗೆಗೂ ಉಪಕಾರಿಯಾಯಿತು.

ಆರಂಭದ ಶಿಕ್ಷಣ ಬಂಟ್ವಾಳದಲ್ಲಿಯೂ ಅನಂತರದ ಶಿಕ್ಷಣ ಮಂಗಳೂರಿನಲ್ಲಿಯೂ ನಡೆಯಿತು. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಸಂಸಾರದ ಹೊಣೆಯನ್ನು ಬೇಗನೆ ಹೊರಬೇಕಾಯಿತು. ದುಡಿಮೆಯ ಜೊತೆಯಲ್ಲಿಯೇ ಓದನ್ನು ಮುಂದುವರಿಸಿ ಬಿ.ಎ. ಪದವಿಯನ್ನೂ ಶಿಕ್ಷಕ ವೃತ್ತಿಯ ಎಲ್.ಟಿ. ಪದವಿಯನ್ನೂ ಪಡೆದರು. ಸಾಹಿತಿ ಬೆನಗಲ್ ರಾಮರಾಯರ ಸಹೋದರಿ ಭವಾನಿಬಾಯಿ ಇವರ ಪತ್ನಿ.

ಅಂದಿನ ಶಾಲೆಗಳ ಸ್ಥಿತಿ

ಪಂಜೆಯವರು ವೃತ್ತಿಗೆ ಬಂದ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಳ್ಳಿಗಳಲ್ಲಿ ‘ಐಗಳ ಮಠ’ಗಳ ಪದ್ಧತಿ ಇನ್ನೂ ಪೂರ್ತಿಯಾಗಿ ಮರೆಯಾಗಿರಲಿಲ್ಲ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಅಮರಕೋಶ, ಕಾವ್ಯಭಾಗಗಳನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡುತ್ತಿದ್ದರು. ತಪ್ಪಿದವರಿಗೆ ಬೆತ್ತ ಕಾದಿರುತ್ತಿತ್ತು. ಸರಕಾರದ ಮತ್ತು ಬಾಸೆಲ್ ಮಿಷನ್ನಿನ ಶಾಲೆಗಳು ಅಚ್ಚಾದ ಪುಸ್ತಕ, ಭೂಗೋಳ, ಗಣಿತಗಳನ್ನು ತಂದವಾದರೂ ಕಂಠಪಾಠದ ರೂಢಿ ಸುಲಭವಾಗಿ ಬಿಡಲಿಲ್ಲ.

ಇದಕ್ಕೆ ಆಡಳಿತದ ಕಾರಣವೂ ಇತ್ತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ರಾಂತ್ಯದ ಖಾಸಗಿ ಶಾಲೆಗಳಿಗೆ ದೊರೆಯುವ ಸರಕಾರಿ ಅನುದಾನವು ಬಹುಮಟ್ಟಿಗೆ ಪರೀಕ್ಷೆಯ ಫಲವನ್ನು ಅವಲಂಬಿಸಿತ್ತು. ಇನ್ಸ್‌ಪೆಕ್ಟರರು ಬಂದು ಮಕ್ಕಳನ್ನು ಪ್ರಶ್ನಿಸುವರು. ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಹಣ ಮಂಜೂರಾಗುವುದು. ಶಿಕ್ಷಕನ ಅನ್ನ ಆ ಒಂದು ದಿನದ ಉತ್ತರಗಳ ಮೇಲೆ ನಿಂತಿರುವಾಗ, ಮಕ್ಕಳಿಗೆ ವಿಷಯ ತಿಳಿಯಿತೇ ಎಂಬುದಕ್ಕಿಂತ ಅವರು ಒಪ್ಪಿಸಬಲ್ಲರೇ ಎಂಬುದೇ ಮುಖ್ಯವಾಗುತ್ತಿತ್ತು. ಇನ್ಸ್‌ಪೆಕ್ಟರರ ಬರವು ಶಾಲೆಗೆ ಭಯದ ದಿನವಾಗಿತ್ತು.

ಇನ್ನೊಂದು ತೊಡಕು ಭಾಷೆಯದು. ಜಿಲ್ಲೆಯ ಹೆಚ್ಚಿನ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ ಇಲ್ಲವೇ ಇತರ ನುಡಿಗಳಾಗಿದ್ದು, ಕನ್ನಡವನ್ನು ಅವರು ಮೊದಲು ಎದುರುಗೊಳ್ಳುತ್ತಿದ್ದುದು ಶಾಲೆಯಲ್ಲಿ. ಹಳಗನ್ನಡದ ಛಾಯೆಯುಳ್ಳ ಪದ್ಯಗಳೂ ಇಂಗ್ಲಿಷಿನಿಂದ ಬಂದ ಬಿಗಿಯಾದ ಗದ್ಯಪಾಠಗಳೂ ಇಂತಹ ಮಕ್ಕಳಿಗೆ ಹೊರೆಯಾಗಿದ್ದವು.

ವೃತ್ತಿಜೀವನ

1896ರ ವೇಳೆಗೆ ಪಂಜೆಯವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ಮುಂದೆ ರಾಷ್ಟ್ರಕವಿ ಎನಿಸಿದ ಮಂಜೇಶ್ವರದ ಗೋವಿಂದ ಪೈ ಮಂಗಳೂರಿನಲ್ಲಿ ಓದುತ್ತಿದ್ದಾಗ ಪಂಜೆಯವರಿಂದ ಪಾಠ ಕೇಳಿದವರು. ಅನಂತರ ಪಂಜೆಯವರು ಶಾಲೆಗಳ ಸಹಾಯಕ ಇನ್ಸ್‌ಪೆಕ್ಟರರಾಗಿಯೂ ಶಿಕ್ಷಕರ ತರಬೇತಿ ಶಾಲೆಯ ಅಧ್ಯಾಪಕರಾಗಿಯೂ ಕೆಲಸ ಮಾಡಿದರು. ಕೊಡಗಿಗೆ ವರ್ಗವಾದ ಮೇಲೆ ಅಲ್ಲಿ ಶಾಲಾ ತನಿಖೆಯ ಹೊಣೆಯನ್ನೂ ಮಡಿಕೇರಿಯ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಸ್ಥಾನವನ್ನೂ ನಿರ್ವಹಿಸಿದರು.

ಇನ್ಸ್‌ಪೆಕ್ಟರರಾಗಿ ಇವರು ಅನುಸರಿಸಿದ ರೀತಿ ಸಮಕಾಲೀನರ ನೆನಪುಗಳಲ್ಲಿ ಉಳಿದುಕೊಂಡಿದೆ. ತನಿಖೆಗೆ ಹೋದ ಶಾಲೆಯಲ್ಲಿ ಕುರ್ಚಿಯಲ್ಲಿ ಕುಳಿತು ಪ್ರಶ್ನೆ ಕೇಳುವುದಕ್ಕೆ ಬದಲಾಗಿ ತಾವೇ ತರಗತಿಯ ಮುಂದೆ ನಿಂತು ಮಕ್ಕಳಿಗೆ ಕಥೆ ಹೇಳುತ್ತಿದ್ದರು, ಹಾಡಿ ಅಭಿನಯಿಸುತ್ತಿದ್ದರು. ಮಕ್ಕಳ ಅಂಜಿಕೆ ಕಳೆಯುತ್ತಿತ್ತು. ಪಕ್ಕದಲ್ಲಿ ನಿಂತ ಶಿಕ್ಷಕನಿಗೆ ಪಾಠ ಹೇಳುವ ಬಗೆಯೊಂದು ಕಣ್ಣ ಮುಂದೆಯೇ ಕಾಣಿಸುತ್ತಿತ್ತು. ತಪ್ಪನ್ನು ವರದಿಯಲ್ಲಿ ಬರೆಯುವುದಕ್ಕಿಂತ ಸರಿಯಾದುದನ್ನು ಮಾಡಿ ತೋರಿಸುವುದು ಇವರ ಕ್ರಮವಾಗಿತ್ತು.

ಶಿಕ್ಷಕರಿಂದ ಶಿಕ್ಷಕರಿಗೆ

ತರಬೇತಿ ಶಾಲೆಗಳಲ್ಲಿ ಆಗ ‘ಮಾದರಿ ಪಾಠ’ ಮತ್ತು ‘ವಿಮರ್ಶಾ ಪಾಠ’ಗಳ ಪದ್ಧತಿ ಇತ್ತು. ಮೊದಲನೆಯದರಲ್ಲಿ ಅನುಭವಿ ಅಧ್ಯಾಪಕರು ನಿಜವಾದ ಮಕ್ಕಳಿಗೆ ಪಾಠ ಹೇಳುವುದನ್ನು ವಿದ್ಯಾರ್ಥಿ-ಶಿಕ್ಷಕರು ಹಿಂದಿನ ಬೆಂಚುಗಳಲ್ಲಿ ಕುಳಿತು ನೋಡುವರು. ಎರಡನೆಯದರಲ್ಲಿ ಅವರಲ್ಲೊಬ್ಬನು ಪಾಠ ಹೇಳಿದ ಮೇಲೆ ಉಳಿದವರು ಅದರ ಗುಣದೋಷಗಳನ್ನು ಚರ್ಚಿಸುವರು. ಕೆಲಸದಲ್ಲಿರುವ ಶಿಕ್ಷಕರು ಸಂಘವಾಗಿ ಸೇರಿ ಇಂತಹ ಪಾಠಗಳನ್ನು ನೋಡುವ ರೂಢಿಯೂ ಮದರಾಸು ಪ್ರಾಂತ್ಯದಲ್ಲಿತ್ತು. ಬೊಂಬಾಯಿ ಪ್ರಾಂತ್ಯದ ಕನ್ನಡ ಭಾಗದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದಿದ್ದರು. ಶಿಕ್ಷಕರಿಗಾಗಿಯೇ ಅಲ್ಲಿ 1865ರಲ್ಲಿ ‘ಮಠಪತ್ರಿಕೆ’ ಹೊರಟಿತ್ತು.

ಪಂಜೆಯವರ ಕೆಲಸ ಈ ಪರಂಪರೆಯಲ್ಲಿಯೇ ನಿಲ್ಲುತ್ತದೆ. ಆದರೆ ಇವರು ಶಿಕ್ಷಕರ ಕೈಗೆ ಕೊಟ್ಟುದು ಬರಿಯ ಸೂತ್ರಗಳನ್ನಲ್ಲ, ನಾಳೆಯೇ ತರಗತಿಯಲ್ಲಿ ಬಳಸಬಹುದಾದ ಹಾಡು ಮತ್ತು ಕಥೆಗಳನ್ನು. ಒಂದು ಶಾಲೆಯಲ್ಲಿ ಕೇಳಿದ ಹಾಡನ್ನು ಶಿಕ್ಷಕರು ಇನ್ನೊಂದು ಶಾಲೆಗೆ ಒಯ್ದು ಹಾಡಿಸಬಹುದಾಗಿತ್ತು. ಅದಕ್ಕೆ ದುಬಾರಿ ಉಪಕರಣ ಬೇಕಿರಲಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿಯೂ, ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ ಕಡೆಯಲ್ಲಿಯೂ ಅದು ಸಾಧ್ಯವಾಗುತ್ತಿತ್ತು.

ಶಿಶುಗೀತೆಗಳು ಮತ್ತು ತರಗತಿ

ಪಂಜೆಯವರ ಶಿಶುಗೀತೆಗಳ ರಚನೆಯಲ್ಲಿ ತರಗತಿಯ ಅಗತ್ಯಗಳು ಸ್ಪಷ್ಟವಾಗಿ ಕಾಣುತ್ತವೆ. ‘ಉದಯರಾಗ’ದಲ್ಲಿ ಸೂರ್ಯನ ಒಂದೊಂದು ಚಟುವಟಿಕೆಯನ್ನೂ ಚಿಕ್ಕ ಕ್ರಿಯಾಪದಗಳಲ್ಲಿ ಹೇಳಲಾಗಿದೆ. ಕೈ ಮೈ ಆಡಿಸಿ ಹಾಡುವ ಮಗುವಿಗೆ ಪದದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ವೇಗವೂ ಸದ್ದೂ ಅನುಕರಣ ಶಬ್ದಗಳ ಮೂಲಕ ಕಿವಿಗೆ ಬರುತ್ತವೆ. ‘ನಾಗರಹಾವೆ’ ಭಯ ಮತ್ತು ಕುತೂಹಲಗಳನ್ನು ಒಟ್ಟಿಗೆ ಅನುಭವಿಸುವ ಮಗುವಿನ ಮಾತು. ಕಷ್ಟದ ಸಂಸ್ಕೃತ ಸಮಾಸಗಳನ್ನು ಬಿಟ್ಟು ಅಚ್ಚಗನ್ನಡ ಪದಗಳನ್ನೂ ಪ್ರಾಸವನ್ನೂ ಆಶ್ರಯಿಸಿದುದರಿಂದ, ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಈ ಹಾಡುಗಳು ಭಾಷಾಪಾಠವೂ ಆದವು. ಬಾಯಿಪಾಠವನ್ನು ಪಂಜೆಯವರು ತೊಡೆದುಹಾಕಲಿಲ್ಲ. ಮಕ್ಕಳು ತಾವಾಗಿ ಬಾಯಿಪಾಠ ಮಾಡಬಯಸುವಂತಹ ಪದ್ಯಗಳನ್ನು ಒದಗಿಸಿದರು.

ಮಕ್ಕಳ ಕಥೆಗಳಲ್ಲಿಯೂ ಇದೇ ವಿಧಾನವಿದೆ. ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಕಥೆಗಳು ಜನಪದದ ಸರಪಳಿ ಕಥೆಗಳ ಮಾದರಿಯವು. ಒಂದು ಸಂಗತಿಗೆ ಇನ್ನೊಂದು ಸೇರುತ್ತ, ಹೇಳಿದ ಮಾತೇ ಮತ್ತೆ ಮತ್ತೆ ಬರುತ್ತ ಹೋಗುವುದರಿಂದ ಮುಂದಿನ ವಾಕ್ಯವನ್ನು ಮಕ್ಕಳೇ ಹೇಳಬಲ್ಲವರಾಗುತ್ತಾರೆ. ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ಥಕಥೈ’ ಮೊದಲಾದ ಹೆಸರುಗಳೇ ಕಿವಿಗೆ ಆಟವಾಗಿವೆ. ಹೊರನಾಡಿನ ಕಥೆಗಳನ್ನು ತೆಗೆದುಕೊಂಡಾಗಲೂ ಅವುಗಳಿಗೆ ಕರಾವಳಿಯ ಮನೆ, ಊಟ, ಮಾತುಗಳ ರೂಪ ಕೊಟ್ಟರು.

ಪಠ್ಯಪುಸ್ತಕಗಳು ಮತ್ತು ಬಾಲಸಾಹಿತ್ಯ ಮಂಡಲ

20ನೆಯ ಶತಮಾನದ ಎರಡನೆಯ ದಶಕದಿಂದ ಪಂಜೆಯವರು ಶಾಲೆಗಳಿಗಾಗಿ ಕನ್ನಡ ಪದ್ಯಪುಸ್ತಕಗಳನ್ನು ಸಂಪಾದಿಸಿದರು. ಮಕ್ಕಳ ವಯಸ್ಸಿಗೆ ತಕ್ಕಂತೆ ಸರಳ ಪದ್ಯಗಳಿಂದ ತೊಡಗಿ ಪ್ರಾಚೀನ ಕಾವ್ಯಭಾಗಗಳವರೆಗೆ ಕ್ರಮವಾಗಿ ಏರುವ ಈ ಪುಸ್ತಕಗಳು ಮದರಾಸು ಪ್ರಾಂತ್ಯದ ಕನ್ನಡ ಶಾಲೆಗಳಲ್ಲಿ ಬಳಕೆಗೆ ಬಂದವು. ತಮ್ಮ ಹಲವು ಪದ್ಯಗಳನ್ನು ಸ್ವಂತ ಹೆಸರಿಲ್ಲದೆ, ಇಲ್ಲವೇ ಕಾವ್ಯನಾಮದಲ್ಲಿ ಪ್ರಕಟಿಸಿದುದರಿಂದ ಹಾಡು ಬಲ್ಲವರಿಗೂ ಕವಿಯ ಹೆಸರು ತಿಳಿಯದೆ ಹೋದುದುಂಟು.

1921ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಸ್ಥಾಪಿಸಿದರು. ಪಠ್ಯದ ಹೊರಗೆ ಮಕ್ಕಳು ತಾವೇ ಓದಬಲ್ಲ ಚಿಕ್ಕ ಪುಸ್ತಕಗಳನ್ನು ಕನ್ನಡದಲ್ಲಿ ಹೊರತರುವುದು ಇದರ ಉದ್ದೇಶವಾಗಿತ್ತು. ಕರಾವಳಿಯಲ್ಲಿ ಆ ಕಾಲಕ್ಕೆ ಮಕ್ಕಳ ಸಾಹಿತ್ಯಕ್ಕಾಗಿ ದುಡಿದ ಇತರರಲ್ಲಿ ಎಂ. ಎನ್. ಕಾಮತ್ ಮತ್ತು ಉಗ್ರಾಣ ಮಂಗೇಶರಾಯರು ಪ್ರಮುಖರು.

ಕೊಡಗಿನ ದಿನಗಳು

ಕೊಡಗು ಆಗ ಬ್ರಿಟಿಷ್ ಚೀಫ್ ಕಮಿಷನರರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯ. ಇಲ್ಲಿಯೂ ಅನೇಕ ಮಕ್ಕಳ ಮನೆಮಾತು ಕೊಡವ ಮುಂತಾದ ನುಡಿಗಳು, ಶಾಲೆಯ ಮಾತು ಕನ್ನಡ. ಹೊರಗಿನಿಂದ ಬಂದ ಪಂಜೆಯವರು ಆ ನಾಡಿನ ಬೆಟ್ಟ, ಕಾವೇರಿ, ವೀರರ ಚರಿತ್ರೆ, ಸುಗ್ಗಿಯ ಹಬ್ಬಗಳನ್ನು ಅರಿತು ‘ಹುತ್ತರಿಯ ಹಾಡು’ ಬರೆದರು. ಹುತ್ತರಿ ಹೊಸ ಭತ್ತದ ತೆನೆಯನ್ನು ಮನೆಗೆ ತರುವ ಕೊಡಗಿನ ಹಬ್ಬ. ಈ ಕವಿತೆಯನ್ನು ಕೊಡಗಿನ ಜನ ತಮ್ಮದಾಗಿಸಿಕೊಂಡು ಸಮಾರಂಭಗಳಲ್ಲಿ ನಾಡಗೀತೆಯಂತೆ ಹಾಡುತ್ತ ಬಂದಿದ್ದಾರೆ. ಶಾಲೆಯಿರುವ ನೆಲದ ಬದುಕು ಪಾಠದೊಳಗೆ ಬರಬೇಕೆಂಬ ಇವರ ದೃಷ್ಟಿಗೆ ಇದು ಒಳ್ಳೆಯ ನಿದರ್ಶನ.

ಇತರ ಸಾಹಿತ್ಯ ಕೃಷಿ

ಪಂಜೆಯವರು 1900ರ ಸುಮಾರಿಗೆ ‘ಸುವಾಸಿನಿ’ ಪತ್ರಿಕೆಯಲ್ಲಿ ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’, ‘ಕಮಲಪುರದ ಹೋಟ್ಲಿನಲ್ಲಿ’ ಮೊದಲಾದ ಗದ್ಯಬರಹಗಳನ್ನು ಪ್ರಕಟಿಸಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮೊದಲ ಕಥೆಗಿಂತ ಸುಮಾರು ಹತ್ತು ವರ್ಷ ಹಿಂದಿನ ಈ ಬರಹಗಳಿಂದಾಗಿ ಕನ್ನಡ ಸಣ್ಣಕಥೆಯ ಆರಂಭಕಾರರಲ್ಲಿ ಇವರನ್ನು ಎಣಿಸಲಾಗುತ್ತದೆ. ಹಾಸ್ಯಬರಹಗಳಿಗೆ ‘ಹರಟೆಮಲ್ಲ’, ಇತರ ಕೆಲವಕ್ಕೆ ‘ರಾ. ಮ. ಪಂ.’ ಎಂಬ ಹೆಸರುಗಳನ್ನು ಬಳಸಿದರು. ತುಳುನಾಡಿನ ಅವಳಿ ವೀರರ ಪಾಡ್ದನವನ್ನು ಆಧರಿಸಿದ ‘ಕೋಟಿ ಚೆನ್ನಯ’ ಇವರ ಪ್ರಸಿದ್ಧ ಗದ್ಯಕೃತಿ. ‘ಡೊಂಬರ ಚೆನ್ನೆ’ ಕಥನಕವನ. ಕಿಟ್ಟೆಲರು ಸಂಪಾದಿಸಿದ್ದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಂಜೆಯವರು ಪರಿಷ್ಕರಿಸಿದರು. ಮಗುವಿಗೆ ಅತ್ಯಂತ ಸರಳವಾಗಿ ಬರೆದವರು ಹಳಗನ್ನಡ ವ್ಯಾಕರಣದ ವಿದ್ವಾಂಸರೂ ಆಗಿದ್ದರು.

ಸಮ್ಮೇಳನಾಧ್ಯಕ್ಷತೆ ಮತ್ತು ಕೊನೆಯ ದಿನಗಳು

1934ರ ರಾಯಚೂರು ಸಮ್ಮೇಳನದ ಅಧ್ಯಕ್ಷತೆಯು ಪಂಜೆಯವರಿಗೆ ದೊರೆತ ದೊಡ್ಡ ಗೌರವ. ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತಕ್ಕೂ ಉನ್ನತ ಶಿಕ್ಷಣಕ್ಕೂ ಉರ್ದು ಮಾಧ್ಯಮವಾಗಿದ್ದು, ಕನ್ನಡ ಶಾಲೆಗಳ ಪ್ರಶ್ನೆ ಜೀವಂತವಾಗಿತ್ತು. ಅಂತಹ ನೆಲದಲ್ಲಿ ಕನ್ನಡ ಶಾಲೆಗಾಗಿಯೇ ಬಾಳಿದ ಅಧ್ಯಾಪಕರೊಬ್ಬರು ಅಧ್ಯಕ್ಷಪೀಠವನ್ನೇರಿದುದು ಅರ್ಥಪೂರ್ಣವಾಗಿತ್ತು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಪಂಜೆಯವರು ನಿಧನರಾದರು.

ಪ್ರಭಾವ

ಪಂಜೆಯವರ ಕಾಲದಲ್ಲಿ ಕನ್ನಡ ಪ್ರದೇಶಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಮಂಗಳೂರಿನ ಶಾಲೆಗಳು ಮದರಾಸಿನ ಕಡೆ ನೋಡುತ್ತಿದ್ದರೆ, ಘಟ್ಟದ ಮೇಲಿನ ಚಿಕ್ಕಮಗಳೂರು, ವಸ್ತಾರೆ, ಮೂಡಿಗೆರೆ, ಕಳಸಗಳ ಶಾಲೆಗಳು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಗೆ ಸೇರಿದ್ದವು. ಪಠ್ಯಪುಸ್ತಕಗಳು ಬೇರೆ ಬೇರೆಯಾಗಿದ್ದರೂ ಹಾಡುಗಳು ಗಡಿಯನ್ನು ದಾಟಿದವು. 1956ರ ಏಕೀಕರಣದ ಬಳಿಕ ‘ನಾಗರಹಾವೆ’ಯಂತಹ ಪದ್ಯಗಳು ರಾಜ್ಯದ ಎಲ್ಲ ಭಾಗಗಳ ಮಕ್ಕಳಿಗೂ ಪರಿಚಿತವಾದವು. ಜಿ. ಪಿ. ರಾಜರತ್ನಂ ಮೊದಲಾದವರು ಬೆಳೆಸಿದ ಕನ್ನಡ ಶಿಶುಸಾಹಿತ್ಯಕ್ಕೆ ಪಂಜೆಯವರ ರಚನೆಗಳು ಮೊದಲ ಮೇಲ್ಪಂಕ್ತಿಯಾದವು. ಇವರ ಬರಹಗಳು ಬಹುಕಾಲ ಪತ್ರಿಕೆ ಮತ್ತು ಪಠ್ಯಗಳಲ್ಲಿ ಚದರಿದ್ದು, ಅವುಗಳ ಸಮಗ್ರ ಸಂಪುಟಗಳು ಮರಣಾನಂತರ ಹೊರಬಂದವು. ಮಂಗಳೂರಿನ ಹಂಪನಕಟ್ಟೆಯ ಬಳಿಯ ರಸ್ತೆಯೊಂದಕ್ಕೆ ಇವರ ಹೆಸರಿಡಲಾಗಿದೆ.

ಹಾಡು, ಕಥೆ, ಅಭಿನಯಗಳ ಮೂಲಕ ಭಾಷೆ ಕಲಿಸುವುದು ಇಂದು ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಒಪ್ಪಿತ ವಿಧಾನವಾಗಿದೆ. ಅನುದಾನಕ್ಕಾಗಿ ಮಕ್ಕಳನ್ನು ಪರೀಕ್ಷಿಸುತ್ತಿದ್ದ ವ್ಯವಸ್ಥೆಯ ನೆರಳಿನಲ್ಲಿ, ಪರೀಕ್ಷಕರ ಸ್ಥಾನದಲ್ಲಿಯೇ ನಿಂತು ಪಂಜೆಯವರು ಅದನ್ನು ಆಚರಣೆಗೆ ತಂದಿದ್ದರು.