ಮಿರಜದ ಖಾನಸಾಹೇಬರು

ಕಾಗವಾಡದಿಂದ ಮ್ಹೈಸಾಳದ ದಾರಿ ಹಿಡಿದು ಹೊರಟರೆ ಮಿರಜ ಬಹಳ ದೂರವಿಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿಗಳ ಜನರಿಗೆ ಅದು ಪರಸ್ಥಳವೆಂದು ಎಂದೂ ಅನ್ನಿಸಿದ್ದಿಲ್ಲ. ಕಠಿಣ ಬೇನೆಗೆ ಅಲ್ಲಿಯ ದವಾಖಾನೆ, ದೂರದ ಪಯಣಕ್ಕೆ ಅಲ್ಲಿಯ ರೈಲು ನಿಲ್ದಾಣ, ಹಾಡುವವರಿಗೆ ಅಲ್ಲಿಯ ತಂಬೂರಿ. ಹೀಗೆ ಒಂದಲ್ಲ ಒಂದು ನೆವದಿಂದ ಈ ಸೀಮೆಯವರು ಮಿರಜದ ಮಣ್ಣನ್ನು ತುಳಿಯುತ್ತಲೇ ಬಂದಿದ್ದಾರೆ. ೧೯೫೬ರ ರಾಜ್ಯ ಪುನರ್ರಚನೆ ನಡುವೆ ಗೆರೆ ಎಳೆದ ಮೇಲೂ ಈ ಹೋಗಿಬರುವಿಕೆ ನಿಂತಿಲ್ಲ. ಆದರೆ ಹಾಗೆ ಹೋದವರಲ್ಲಿ, ಖ್ವಾಜಾ ಶಮ್ನಾ ಮೀರಾಸಾಹೇಬರ ದರ್ಗಾದಲ್ಲಿರುವ ಒಂದು ಗೋರಿಯ ಮುಂದೆ ಗಳಿಗೆ ಹೊತ್ತು ನಿಂತು ಕೈಮುಗಿದು ಬಂದವರು ಎಷ್ಟು ಮಂದಿ? ಕನ್ನಡ ನಾಡಿನ ಹಿಂದುಸ್ತಾನಿ ಗಾಯನದ ತಾಯಿಬೇರುಗಳಲ್ಲಿ ಒಂದು ಅಲ್ಲಿ ಮಲಗಿದೆ. ಅದು ಉಸ್ತಾದ ಅಬ್ದುಲ್ ಕರೀಮ್ ಖಾನರ ಗೋರಿ.

ಖಾನಸಾಹೇಬರು ಹುಟ್ಟಿದ್ದು ಇಲ್ಲಿಂದ ಬಹುದೂರದಲ್ಲಿ. ಉತ್ತರ ಪ್ರದೇಶದಲ್ಲಿ ಯಮುನೆಯ ಬಯಲಿಗೆ ಸೇರಿದ ಕೈರಾನಾ ಎಂಬ ಊರು ಅವರ ಜನ್ಮಸ್ಥಳ. ಜನರ ಬಾಯಲ್ಲಿ ಅದು ಕಿರಾಣಾ ಎನಿಸಿಕೊಂಡಿತು. ೧೮೭೨ರ ನವೆಂಬರ್ ೧೧ ಅವರ ಜನ್ಮದಿನ. ತಂದೆ ಕಾಲೇ ಖಾನರು, ಚಿಕ್ಕಪ್ಪ ಅಬ್ದುಲ್ಲಾ ಖಾನರು, ಇಬ್ಬರೂ ಸಂಗೀತಗಾರರು. ಹಾಡು, ಸಾರಂಗಿ, ಬೀನ್ ಇವು ಆ ಮನೆತನದ ಕುಲವೃತ್ತಿ. ಹುಡುಗ ಸಾರಂಗಿಯಲ್ಲಿ ಕೈ ಪಳಗಿಸಿಕೊಂಡ. ಬೀನ್ ನುಡಿಸುವುದನ್ನೂ ಕಲಿತ. ಕೊನೆಗೆ ಕಂಠವನ್ನೇ ನಂಬಿ ನಿಂತ. ಆದರೂ ಆ ತಂತಿಗಳು ಅವನನ್ನು ಬಿಡಲಿಲ್ಲ. ಬೀನಕಾರನು ಒಂದು ಸ್ವರವನ್ನು ಮೀಟಿ, ಅದರ ನಾದ ಅಡಗುವ ತನಕ ಕಾದು, ಆಮೇಲೆ ಮುಂದಿನ ಸ್ವರಕ್ಕೆ ಹೋಗುವಂತೆ, ಮುಂದೆ ಖಾನಸಾಹೇಬರು ಹಾಡಿದರು. ಕಿರಾಣಾ ಘರಾಣೆಯ ಗುಟ್ಟು ಇದರಲ್ಲಿದೆ.

ಘರಾಣೆ ಎಂಬ ಮಾತಿನಲ್ಲಿಯೇ ಮನೆ ಇದೆ. ಆ ಕಾಲದಲ್ಲಿ ವಿದ್ಯೆ ಮನೆಯ ಸೊತ್ತು. ಹೊಲ ಮನೆಗಳಂತೆ ತಂದೆಯಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಸಲ್ಲತಕ್ಕದ್ದು. ಹೊರಗಿನವನು ವರ್ಷಗಟ್ಟಲೆ ಸೇವೆ ಮಾಡಿದರೂ ಒಳಕೋಣೆಯ ಬೀಗ ತೆರೆಯದಿರುವುದುಂಟು. ಯುರೋಪಿನಲ್ಲಿಯೂ ಒಂದು ಕಾಲಕ್ಕೆ ಇಂತಹ ಮನೆತನಗಳಿದ್ದವು. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ (೧೬೮೫-೧೭೫೦) ತಲೆಮಾರುಗಳಿಂದ ಸಂಗೀತವನ್ನೇ ಉಂಡು ಉಟ್ಟ ಕುಲದಲ್ಲಿ ಹುಟ್ಟಿದವನು. ಅವನ ಮಕ್ಕಳೂ ತಂದೆಯ ಕಾಲಬುಡದಲ್ಲಿ ಕಲಿತು ಹೆಸರಾದರು. ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ಅಂತರವುಂಟು. ಬಾಖ್ ತನ್ನ ಸಂಗೀತವನ್ನು ಹಾಳೆಯ ಮೇಲೆ ಬರೆದಿಟ್ಟ. ಅವನು ತೀರಿಕೊಂಡು ಎಪ್ಪತ್ತೊಂಬತ್ತು ವರ್ಷ ಕಳೆದ ಮೇಲೆ, ೧೮೨೯ರಲ್ಲಿ, ಮೆಂಡೆಲ್ಸನ್ ಎಂಬ ಇಪ್ಪತ್ತರ ತರುಣ ಆ ಹಾಳೆಗಳನ್ನು ಮುಂದಿಟ್ಟುಕೊಂಡು ಬರ್ಲಿನ್ನಿನಲ್ಲಿ ಅವನ ಮಹಾಕೃತಿಯೊಂದನ್ನು ಮತ್ತೆ ಹಾಡಿಸಿದ. ನಮ್ಮ ಖಯಾಲಿಗೆ ಅಂತಹ ಹಾಳೆಯ ಆಸರೆ ಇಲ್ಲ. ರಾಗದ ನಡೆ ಗುರುವಿನ ಗಂಟಲಿನಿಂದ ಶಿಷ್ಯನ ಗಂಟಲಿಗೆ ಇಳಿಯಬೇಕು. ಇಳಿಯದಿದ್ದರೆ ಗುರುವಿನೊಡನೆಯೇ ಮಣ್ಣಾಗಬೇಕು. ಆದುದರಿಂದ ಯಾರಿಗೆ ಕಲಿಸಬೇಕು ಎಂಬುದು ಇಲ್ಲಿ ಬರಿಯ ಔದಾರ್ಯದ ಪ್ರಶ್ನೆಯಲ್ಲ. ಕಲೆಯ ಅಳಿವು ಉಳಿವಿನ ಪ್ರಶ್ನೆ. ಖಾನಸಾಹೇಬರ ಬಾಳೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ.

ತಾರುಣ್ಯದಲ್ಲಿ ಅವರು ತಮ್ಮ ಅಬ್ದುಲ್ ಹಕ್‌ರೊಡನೆ ಊರೂರು ಅಲೆಯುತ್ತ ಬರೋಡೆಗೆ ಬಂದರು. ಸಯಾಜಿರಾವ್ ಗಾಯಕವಾಡರ ದರಬಾರಿನಲ್ಲಿ ಆಶ್ರಯ ದೊರೆಯಿತು. ಅಲ್ಲಿಯ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ ಅವರಲ್ಲಿ ಹಾಡು ಕಲಿಯತೊಡಗಿದಳು. ಪಾಠ ಅನುರಾಗಕ್ಕೆ ತಿರುಗಿತು. ಸರದಾರ ಮನೆತನವೆಲ್ಲಿ, ವೃತ್ತಿಗಾಯಕನೆಲ್ಲಿ. ಧರ್ಮ ಬೇರೆ, ಅಂತಸ್ತು ಬೇರೆ. ಬರೋಡೆಯಲ್ಲಿ ಇಬ್ಬರಿಗೂ ನೆಲೆಯಿಲ್ಲದಂತಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಆ ದಿನಗಳಲ್ಲಿ ಅವರು ದರಬಾರಿನ ನೆರಳನ್ನು ತೊರೆದು ಮುಂಬಯಿಗೆ ಬಂದರು; ಮುಂದೆ ಮಿರಜದ ಸಂಬಂಧ ಬೆಳೆಯಿತು. ಆಗ ಪ್ಲೇಗಿನ ಕಾಲ. ಖಾನಸಾಹೇಬರೂ ಆ ಮಾರಿಯ ಬಾಯಿಗೆ ಬಿದ್ದು, ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಸೇವೆ ಸಲ್ಲಿಸಿ ಗುಣ ಹೊಂದಿದರೆಂದು ಪ್ರತೀತಿ. ಪ್ರತೀತಿಯ ಮಾತು ಹೇಗೇ ಇರಲಿ, ಮಿರಜ ಅವರನ್ನು ಹಿಡಿದು ನಿಲ್ಲಿಸಿಕೊಂಡುದಂತೂ ದಿಟ. ೧೯೦೫ರಲ್ಲಿ ಅವರ ಮಗಳು, ಮುಂದೆ ಹೀರಾಬಾಯಿ ಬಡೋದೇಕರ ಎಂದು ಖ್ಯಾತಳಾದ ಚಂಪಾಕಲಿ, ಹುಟ್ಟಿದ್ದು ಮಿರಜದಲ್ಲಿಯೇ.

ದರಬಾರು ತಪ್ಪಿದ ಗಾಯಕನಿಗೆ ಹೊಟ್ಟೆಯ ದಾರಿ ಯಾವುದು? ಮೈಫಿಲು ಸಿಕ್ಕಲ್ಲಿಗೆ ಹೋಗಬೇಕು, ಕಲಿಯಲು ಬಂದವರಿಗೆ ಕಲಿಸಬೇಕು. ಖಾನಸಾಹೇಬರು ಎರಡನ್ನೂ ಮಾಡಿದರು. ಎರಡನೆಯದನ್ನು ಹೊಟ್ಟೆಯ ಅಗತ್ಯವನ್ನು ಮೀರಿ ಮಾಡಿದರು. ೧೯೧೩ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಬಡಮಕ್ಕಳಿಗೆ ಅಲ್ಲಿ ಊಟವೂ ಪಾಠವೂ ಒಂದೇ ಸೂರಿನಡಿ ದೊರೆಯುತ್ತಿದ್ದವು. ಜಾತಿ ಯಾವುದು, ಮನೆತನ ಯಾವುದು ಎಂದು ಕೇಳುವ ಕ್ರಮ ಅಲ್ಲಿರಲಿಲ್ಲ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಸ್ಥಾನವನ್ನು ಅಳೆದು ನಿರ್ಣಯಿಸಲು ಹೊರಟಾಗ, ಹಾಡಿ ತೋರಿಸಿ ನೆರವಾದವರೂ ಖಾನಸಾಹೇಬರೇ. ದೇವಲರ ಗ್ರಂಥ ೧೯೧೦ರಲ್ಲಿ ಬೆಳಕು ಕಂಡಿತು. ತನ್ನ ಕಂಠವನ್ನು ಶಾಸ್ತ್ರಜ್ಞನ ಅಳತೆಗೋಲಿಗೆ ಒಡ್ಡುವ ಧೈರ್ಯ ಆ ಕಾಲದ ಉಸ್ತಾದರಲ್ಲಿ ಎಷ್ಟು ಜನರಿಗಿದ್ದೀತು!

ಇನ್ನು ಕನ್ನಡ ನಾಡಿನ ಸಂಬಂಧ. ಮಿರಜದಿಂದ ಹೊರಟ ರೈಲು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ದಾಟಿ ಬೆಳಗಾವಿಯ ಮೇಲೆ ಹಾದು ಧಾರವಾಡ ಹುಬ್ಬಳ್ಳಿಗಳ ಕಡೆಗೆ ಇಳಿಯುತ್ತದೆ. ನಮ್ಮ ಕಬ್ಬಿನ ಹೊಲಗಳ ನಡುವಣ ಈ ದಾರಿಯೇ ಹಿಂದುಸ್ತಾನಿ ಸಂಗೀತ ಕನ್ನಡ ನಾಡಿಗೆ ಬಂದ ದಾರಿಗಳಲ್ಲಿ ಒಂದು. ಮೈಸೂರು ಅರಮನೆಯ ಕರೆಗೆ ಓಗೊಟ್ಟು ಹೋಗುವಾಗ, ಬರುವಾಗ ಖಾನಸಾಹೇಬರು ಧಾರವಾಡ ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಅವರ ಹಾಡು ಕೇಳಿ ಮರುಳಾದ ಬಾಲಕ ರಾಮಭಾವು, ಆ ವಾಡೆಯ ಗುಮಾಸ್ತರೊಬ್ಬರ ಮಗ. ಎಂಟು ವರ್ಷ ಬಿಡದೆ ಕಲಿಯುವುದಾದರೆ ಮಾತ್ರ ಕಲಿಸುವೆನೆಂದು ಖಾನಸಾಹೇಬರು ಕರಾರು ಹಾಕಿದರು. ತಂದೆ ಒಪ್ಪಿದರು, ಹುಡುಗ ನೆರಳಿನಂತೆ ಗುರುವಿನ ಬೆನ್ನು ಹತ್ತಿದ. ಅವರೇ ಸವಾಯಿ ಗಂಧರ್ವರು (೧೮೮೬-೧೯೫೨). ಕಿರಾಣಾದ ಮನೆತನಕ್ಕೂ ಕುಂದಗೋಳದ ಬ್ರಾಹ್ಮಣ ಹುಡುಗನಿಗೂ ಎತ್ತಣಿಂದೆತ್ತ ಸಂಬಂಧ! ಒಳಕೋಣೆಯ ಬೀಗ ಇಲ್ಲಿ ತೆರೆದಿತ್ತು.

ಕಲಿಸುವವನು ಕಲಿಯುವುದನ್ನೂ ಬಿಟ್ಟಿರಲಿಲ್ಲ ಎಂಬುದು ಇನ್ನೂ ದೊಡ್ಡ ಮಾತು. ಧಾರವಾಡದಲ್ಲಿ ಅಂಬಾಬಾಯಿ ಎಂಬ ಕರ್ನಾಟಕ ಸಂಗೀತದ ಗಾಯಕಿಯಿದ್ದರು. ಖಾನಸಾಹೇಬರು ಅವರ ಮನೆಗೆ ಹೋಗಿ ಶ್ರೋತೃವಾಗಿ ಕುಳಿತು ಆಕೆಯ ಹಾಡನ್ನು ಕೇಳುತ್ತಿದ್ದರು. ತಾವು ತಂಜಾವೂರಿನಲ್ಲಿಯೇ ಇದ್ದಂತೆ ಅನ್ನಿಸುತ್ತದೆಂದು ತಲೆದೂಗುತ್ತಿದ್ದರು. ಆ ಮನೆಯ ಎಳೆಯ ಹುಡುಗಿಗೆ ಚೆನ್ನಾಗಿ ಉಂಡು ಚೆನ್ನಾಗಿ ಹಾಡುವಂತೆ ಹರಸಿದರಂತೆ. ಆ ಹುಡುಗಿಯೇ ಗಂಗೂಬಾಯಿ ಹಾನಗಲ್ಲ. ಮೈಸೂರು, ಮದರಾಸುಗಳಲ್ಲಿ ಅವರು ದಕ್ಷಿಣಾದಿಯ ವಿದ್ವಾಂಸರ ಒಡನಾಟ ಬೆಳೆಸಿದರು. ಆ ಪದ್ಧತಿಯ ಸ್ವರಪ್ರಸ್ತಾರವನ್ನು ತಮ್ಮ ಸರಗಮ್ಮಿಗೆ ತಂದುಕೊಂಡರು. ಖರಹರಪ್ರಿಯ ರಾಗದಲ್ಲಿರುವ ತ್ಯಾಗರಾಜರ ಕೃತಿಯೊಂದನ್ನು ಹಾಡಿ ಧ್ವನಿಮುದ್ರಿಕೆಗೂ ಕೊಟ್ಟರು. ಉತ್ತರಾದಿ ದಕ್ಷಿಣಾದಿ ಎಂಬ ಗೋಡೆಗೆ ಅಂದು ಇದ್ದ ಎತ್ತರವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಹೊರಗೆ ಹೀಗೆ ಬಾಗಿಲುಗಳು ತೆರೆಯುತ್ತಿರುವಾಗ ಒಳಗೆ ಮನೆಯೇ ಒಡೆಯಿತು. ೧೯೨೨ರಲ್ಲಿ ತಾರಾಬಾಯಿಯವರು ಐವರು ಮಕ್ಕಳನ್ನೂ ಕರೆದುಕೊಂಡು ಬೇರೆಯಾದರು. ಕಾರಣಗಳನ್ನು ಕೆದಕುವುದು ನಮ್ಮ ಕೆಲಸವಲ್ಲ. ಗಂಡ ಹೆಂಡಿರ ನಡುವಿನ ನೋವಿಗೆ ಹೊರಗಿನವರು ಸಾಕ್ಷಿಯಾಗಲಾರರು. ಮಕ್ಕಳು ತಾಯಿಯ ಮನೆತನದ ಹೆಸರನ್ನು ತಳೆದರು. ಹಿರಿಯ ಮಗ ಸುರೇಶಬಾಬು ಮಾನೆಯಾದ, ಚಂಪಾಕಲಿ ಹೀರಾಬಾಯಿಯಾದಳು, ಕಿರಿಯವಳು ಸಕೀನಾ ಸರಸ್ವತಿಯಾಗಿ, ಮುಂದೆ ಸರಸ್ವತೀ ರಾಣೆ ಎಂದು ಹೆಸರಾದಳು. ತಂದೆಯ ಹೆಸರು ಮಕ್ಕಳ ಹೆಸರಿನಿಂದ ಅಳಿದುಹೋಯಿತು. ವಿದ್ಯೆ ಮನೆಯ ಸೊತ್ತೆಂಬ ಹಳೆಯ ಮಾತು ನಿಜವೇ ಆಗಿದ್ದರೆ ಅಬ್ದುಲ್ ಕರೀಮ್ ಖಾನರ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಐವತ್ತರ ಆ ವಯಸ್ಸಿನಲ್ಲಿ ಅವರಿಗೆ ಮನೆಯೇ ಉಳಿದಿರಲಿಲ್ಲ.

ಆದರೆ ಕಥೆ ಮುಗಿಯಲಿಲ್ಲ. ಶಿಷ್ಯರು ಇದ್ದರು, ಮಿರಜ ಇತ್ತು, ತಂಬೂರಿ ಇತ್ತು. ಅವರು ಮತ್ತೆ ಮಿರಜದಲ್ಲಿ ನೆಲೆನಿಂತರು. ತೆಳ್ಳನೆಯ ಮೈಕಟ್ಟು, ಹುರಿಮೀಸೆ, ತಲೆಗೆ ರುಮಾಲು. ವಾದ್ಯ ಕೆಟ್ಟರೆ ತಾವೇ ಕುಳಿತು ರಿಪೇರಿ ಮಾಡುವರು. ತಂಬೂರಿಯನ್ನು ಶ್ರುತಿ ಮಾಡುವುದು ಅವರಿಗೆ ಹಾಡಿನ ಪೀಠಿಕೆಯಲ್ಲ, ಹಾಡಿನ ಅರ್ಧಭಾಗ. ಅವರ ಧ್ವನಿ ಗಂಭೀರವಾದುದಲ್ಲ. ಸಣ್ಣ ಎಳೆಯ, ಎತ್ತರದ, ತುಸು ಮೂಗಿಗೆ ತಾಗುವ ಧ್ವನಿ. ಅದರಿಂದ ಅವರು ಅಬ್ಬರವನ್ನು ಬಯಸಲಿಲ್ಲ. ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಸವರಿ, ಅದರ ಸುತ್ತಲಿನ ಕತ್ತಲೆಯನ್ನು ಮೆಲ್ಲಗೆ ಬೆಳಗಿಸಿ, ಆಮೇಲೆ ಮುಂದಿನದಕ್ಕೆ ಹೋಗುವ ಕ್ರಮ ಅವರದು. ಕರುಣವೇ ಆ ಗಾಯನದ ಸ್ಥಾಯೀಭಾವ. ಮನೆಯನ್ನು ಕಳೆದುಕೊಂಡುದರಿಂದ ಕರುಣ ಬಂದಿತೆಂದು ಹೇಳುವುದು ಸುಲಭ. ಆದರೆ ಅದು ಸರಿಯಲ್ಲ. ಸ್ವರ ನಿಜವಾದ ಸ್ಥಾನದಲ್ಲಿ ನಿಂತಾಗ ಹುಟ್ಟುವ ಕರುಣ ಅದು, ದುಃಖಕ್ಕಿಂತ ದೊಡ್ಡದು.

ಮೂವತ್ತರ ದಶಕದಲ್ಲಿ ಒಡಿಯನ್ ಕಂಪನಿಯವರು ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಬಸಂತ, ಝಿಂಝೋಟಿ, ಭೈರವಿ. ಒಂದೊಂದೂ ಮೂರು ಮೂರೂವರೆ ನಿಮಿಷದ ಹಾಡು. ಗಂಟೆಗಟ್ಟಲೆ ಹರಿಯುವ ಹೊಳೆಯನ್ನು ತಂಬಿಗೆಯಲ್ಲಿ ಹಿಡಿದಂತೆ. ಆದರೂ ಆ ತಂಬಿಗೆಯ ನೀರು ಎಷ್ಟೋ ಊರುಗಳನ್ನು ಮುಟ್ಟಿತು. ಗದುಗಿನಲ್ಲಿ ಅಂಗಡಿಯ ಗ್ರಾಮೋಫೋನಿನ ಮುಂದೆ ನಿಂತು ಝಿಂಝೋಟಿಯ ಠುಮರಿಯನ್ನು ಕೇಳಿದ ಹುಡುಗನೊಬ್ಬ ಗುರುವನ್ನು ಹುಡುಕುತ್ತ ಮನೆಬಿಟ್ಟು ಓಡಿದನೆಂಬ ಕಥೆ ಎಲ್ಲರೂ ಬಲ್ಲದ್ದೇ. ಉತ್ತರ ಹಿಂದುಸ್ತಾನವನ್ನು ಸುತ್ತಿ ದಣಿದು ಮರಳಿದ ಭೀಮಸೇನ ಜೋಶಿಯವರಿಗೆ ಗುರು ದೊರೆತದ್ದು ಮನೆಯ ಬಳಿಯ ಕುಂದಗೋಳದಲ್ಲಿ, ಖಾನಸಾಹೇಬರ ಶಿಷ್ಯ ಸವಾಯಿ ಗಂಧರ್ವರಲ್ಲಿ.

೧೯೩೭ರ ಅಕ್ಟೋಬರಿನಲ್ಲಿ ಖಾನಸಾಹೇಬರು ಮದರಾಸಿನ ಕಡೆಗೆ ಹೋಗಿದ್ದರು. ಅಲ್ಲಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಾಗ ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಶಿಷ್ಯರೊಡನೆ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಡಿಸಲಾಯಿತು. ಅವರು ಎದ್ದು ಕುಳಿತು, ತಂಬೂರಿಯನ್ನು ಶ್ರುತಿಗೂಡಿಸಿ, ದರಬಾರಿ ಕಾನಡಾದ ಸ್ವರಗಳಲ್ಲಿ ದೇವರನ್ನು ಪ್ರಾರ್ಥಿಸಿದರೆಂದೂ, ಹಾಡು ಮುಗಿಸಿ ಒರಗಿದವರು ಮತ್ತೆ ಏಳಲಿಲ್ಲವೆಂದೂ ಅವರ ಶಿಷ್ಯವರ್ಗದವರು ಹೇಳುತ್ತ ಬಂದಿದ್ದಾರೆ. ಅಂದು ಅಕ್ಟೋಬರ್ ೨೭. ಹುಟ್ಟೂರು ಉತ್ತರದ ತುದಿಯಲ್ಲಿ, ಸಾವು ದಕ್ಷಿಣದ ಅಪರಿಚಿತ ನಿಲ್ದಾಣದಲ್ಲಿ, ಸಮಾಧಿ ನಡುವಣ ಮಿರಜದಲ್ಲಿ. ದೇಹವನ್ನು ಅಷ್ಟು ದೂರದಿಂದ ತಂದು ಮೀರಾಸಾಹೇಬರ ಸನ್ನಿಧಿಯಲ್ಲಿ ಮಣ್ಣು ಮಾಡಲಾಯಿತು. ಇಂದಿಗೂ ಅಲ್ಲಿಯ ಉರುಸಿನಲ್ಲಿ ಗಾಯಕರು ಬಂದು ಹಾಡಿ ಅವರ ಸ್ಮರಣೆಯನ್ನು ನಡೆಸುತ್ತಾರೆ.

ಈಗ ಲೆಕ್ಕ ಹಾಕಿ ನೋಡಬೇಕು. ಮನೆಯ ಮಕ್ಕಳು ಹೆಸರನ್ನು ಬಿಟ್ಟರೂ ವಿದ್ಯೆಯನ್ನು ಬಿಡಲಿಲ್ಲ. ಸುರೇಶಬಾಬು, ಹೀರಾಬಾಯಿ, ಸರಸ್ವತೀಬಾಯಿ ಮೂವರೂ ಕಿರಾಣಾದ ಗಾಯನವನ್ನೇ ಬೆಳಗಿದರು. ನಮ್ಮ ಬಸವರಾಜ ರಾಜಗುರುಗಳು ಸುರೇಶಬಾಬು ಅವರಲ್ಲಿಯೂ ಕಲಿತವರು. ಹೊರಗಿನ ಹುಡುಗ ರಾಮಭಾವು ಕಟ್ಟಿದ ಮನೆಯಿಂದ ಗಂಗೂಬಾಯಿ ಬಂದರು, ಭೀಮಸೇನರು ಬಂದರು. ೨೦೦೮ರಲ್ಲಿ ಭೀಮಸೇನರಿಗೆ ಭಾರತರತ್ನ ಘೋಷಣೆಯಾದಾಗ ಆ ಗೌರವದ ಒಂದು ಪಾಲು ಮಿರಜದ ಗೋರಿಗೂ ಸಂದಿತು. ಯಮುನೆಯ ದಡದ ಒಂದು ಊರಿನ ಹೆಸರು ಇಂದು ಕುಂದಗೋಳ, ಹುಬ್ಬಳ್ಳಿ, ಗದಗುಗಳ ಹೆಸರಿನೊಡನೆ ಬೆಸೆದುಕೊಂಡಿದ್ದರೆ, ಅದಕ್ಕೆ ಕಾರಣ ಒಬ್ಬ ಗಾಯಕ ತನ್ನ ಕುಲದ ಸೊತ್ತನ್ನು ಕುಲದ ಹೊರಗೆ ಹಂಚಿದ್ದು. ಮನೆಯೊಳಗೇ ಇಟ್ಟುಕೊಂಡಿದ್ದರೆ ಅದು ಮನೆಯೊಡನೆ ಒಡೆದುಹೋಗುತ್ತಿತ್ತು.

ಅಧ್ಯಾಪಕರಾದ ನಮ್ಮಂತಹವರಿಗೆ ಇದರಲ್ಲಿ ಒಂದು ಪಾಠವಿದೆ, ವಿದ್ಯಾರ್ಥಿಗಳಿಗೂ ಇದೆ. ಕೊಟ್ಟದ್ದು ಮಾತ್ರ ಉಳಿಯುತ್ತದೆ, ಮತ್ತು ಕೊಡುವವನು ಕೊನೆಯತನಕ ಕೇಳುವವನೂ ಆಗಿರಬೇಕು. ಮುಂದಿನ ಸಲ ದವಾಖಾನೆಗೋ ಸಂತೆಗೋ ಮಿರಜಕ್ಕೆ ಹೋದಾಗ ಓದುಗರು ದರ್ಗಾದ ಕಡೆಗೆ ನಾಲ್ಕು ಹೆಜ್ಜೆ ಹಾಕಲಿ. ದಾರಿಯಲ್ಲಿ ತಂಬೂರಿ ಮಾಡುವವರ ಓಣಿಯೂ ಇದೆ. ಯಾವುದಾದರೊಂದು ಅಂಗಡಿಯಲ್ಲಿ ಹೊಸ ತಂಬೂರಿಗೆ ತಂತಿ ಬಿಗಿದು ಜೀವಾಳ ಕೂಡಿಸುತ್ತಿದ್ದರೆ, ತುಸು ಹೊತ್ತು ನಿಂತು ಕೇಳಲಿ. ಖಾನಸಾಹೇಬರಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಾಗಿರಲಿಲ್ಲ.